ಚೈನಿನ ಎಣ್ಣೆ ಕೈಗೂ ಹತ್ತುತ್ತದೆ

ಭಾನುವಾರಗಳಂದು ಶಾಲೆಯ ಶೆಡ್ಡಿನಲ್ಲಿ ಪುಕ್ಕಟೆಯಾಗಿ ಸೈಕಲ್ ರಿಪೇರಿ ಮಾಡಿಕೊಡಲು, ಮಕ್ಕಳಿಗೆ ಕೆಲಸ ಕಲಿಸಲು ಹೊರಟಿದ್ದೀರಿ. ಬಹಳ ಸಂತೋಷ. 2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚಲು ಶುರುಮಾಡಿದ ಮೇಲೆ ಹಳ್ಳಿಹಳ್ಳಿಗೂ ಸೈಕಲ್ ಬಂತು. ಅದನ್ನು ಬಿಚ್ಚಿ ಜೋಡಿಸುವ ಕೈಗಳನ್ನು ನೀವು ತಯಾರು ಮಾಡುತ್ತೀರಿ. ಆ ಕೈಗಳ ಬಗ್ಗೆಯೇ ನನ್ನ ಮಾತು.

ಸ್ಪ್ಯಾನರು, ಸ್ಪೋಕ್ ಕೀ, ಪಂಪು ಹೇಗೂ ಹೊಂದಿಸಿಕೊಳ್ಳುತ್ತೀರಿ. ಮೂಲೆಯಲ್ಲಿ ಯಾವ ಡಬ್ಬಿ ಇಡುತ್ತೀರಿ ಅನ್ನುವುದನ್ನು ಮಾತ್ರ ಈಗಲೇ ಯೋಚಿಸಿ. ನಮ್ಮ ಅಂಗಡಿಗಳ ಪದ್ಧತಿ ಗೊತ್ತೇ ಇದೆ. ಒಂದು ತಗಡಿನ ಡಬ್ಬಿಯಲ್ಲಿ ಪೆಟ್ರೋಲೋ ಸೀಮೆಎಣ್ಣೆಯೋ, ಪಕ್ಕದಲ್ಲಿ ಬೈಕ್ ಗ್ಯಾರೇಜಿನವರು ಬದಲಾಯಿಸಿ ಬಿಟ್ಟ ಕರಿ ಆಯಿಲ್. ಫ್ರೀವೀಲನ್ನೂ ಹಬ್ಬಿನ ಬಾಲ್ಸನ್ನೂ ಬರಿಗೈಯಲ್ಲಿ ಅದ್ದಿ ತೊಳೆಯುತ್ತಾರೆ, ಚೈನಿನ ಮೇಲೆ ಕರಿ ಆಯಿಲ್ ಸುರಿಯುತ್ತಾರೆ, ಸಂಜೆ ಅದೇ ಪೆಟ್ರೋಲಿನಲ್ಲಿ ಕೈ ತೊಳೆದುಕೊಂಡು ಊಟಕ್ಕೆ ಕೂರುತ್ತಾರೆ.

ಕರಿ ಆಯಿಲನ್ನು ಶೆಡ್ಡಿನೊಳಗೆ ಬಿಡಲೇಬೇಡಿ. ಎಂಜಿನ್ನಿನಲ್ಲಿ ಕಾದು ಕಾದು ಅದರಲ್ಲಿ ಕ್ಯಾನ್ಸರ್ ತರುವ ಸಂಯುಕ್ತಗಳು ಸೇರಿರುತ್ತವೆ, ಸವೆದ ಲೋಹದ ಪುಡಿಯೂ ಇರುತ್ತದೆ. ಎಣ್ಣೆಯಿಂದ ಚರ್ಮಕ್ಕೆ ಏನಾದೀತು ಅನ್ನುವವರಿಗೆ ಇಂಗ್ಲೆಂಡಿನ ಲ್ಯಾಂಕಾಷೈರಿನ ಹತ್ತಿ ಗಿರಣಿಗಳ ಕಥೆ ಹೇಳಿ. ಅಲ್ಲಿ ನೂಲುವ ಯಂತ್ರದ ಕದಿರುಗಳಿಂದ ಸಿಡಿದ ಖನಿಜ ತೈಲ ಕೆಲಸಗಾರರ ಷರಾಯಿಗೆ ಹಿಡಿದು, ವರ್ಷಾನುಗಟ್ಟಲೆ ಚರ್ಮಕ್ಕೆ ತಾಗಿ, ವೃಷಣಚೀಲದ ಕ್ಯಾನ್ಸರ್ ತರುತ್ತಿತ್ತು. 1920ರ ದಶಕದಲ್ಲೇ ವೈದ್ಯರು ಇದನ್ನು ಹೇಳಿದ್ದರು. ಗಿರಣಿಯಲ್ಲಿ ಎಂಥ ಎಣ್ಣೆ ಬಳಸಬೇಕೆಂದು ಕಾನೂನು ಕಟ್ಟುಮಾಡಿದ್ದು 1953ರಲ್ಲಿ. ಅಷ್ಟು ವರ್ಷ ಜನ ಅದೇ ಬಟ್ಟೆಯಲ್ಲಿ ದುಡಿದರು. ಹೇಳುವವರಿದ್ದೂ ಕೇಳುವವರಿಲ್ಲದೆ ಹೋದದ್ದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಪೆಟ್ರೋಲೂ ಬೇಡ. ಅದರಲ್ಲಿರುವ ಬೆಂಜೀನ್ ರಕ್ತದ ಕ್ಯಾನ್ಸರ್ ತರಬಲ್ಲದ್ದು. ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದಲ್ಲಿ ಬೀಡಿ ಹಚ್ಚಲು ಗೀರಿದ ಕಡ್ಡಿಗೂ ಹೊತ್ತಿಕೊಳ್ಳುತ್ತದೆ. ಸೀಮೆಎಣ್ಣೆ ಅಷ್ಟು ಬೇಗ ಹೊತ್ತುವುದಿಲ್ಲ, ಆದರೆ ಚರ್ಮದ ಜಿಡ್ಡನ್ನೆಲ್ಲ ಎಳೆದು ಒಡಕು ಮಾಡುತ್ತದೆ. ಅದನ್ನು ನೀರಿನ ಬಾಟಲಿಯಲ್ಲಿ, ತಂಪು ಪಾನೀಯದ ಬಾಟಲಿಯಲ್ಲಿ ಎಂದೂ ತುಂಬಿಡಬೇಡಿ. ಬಾಯಾರಿ ಬಂದ ಮಗು ಒಂದು ಗುಟುಕು ಕುಡಿದರೆ ಅದು ಶ್ವಾಸಕೋಶಕ್ಕಿಳಿದು ಪ್ರಾಣಕ್ಕೇ ಕುತ್ತು. ಹಾಗೇನಾದರೂ ಆದರೆ ವಾಂತಿ ಮಾಡಿಸಲು ಹೋಗದೆ ಸೀದಾ ಆಸ್ಪತ್ರೆಗೆ ಓಡಿ.

ಇನ್ನು ಸ್ಪ್ರೇ ಡಬ್ಬಿಗಳು. 1999-2000ರ ಸುಮಾರಿಗೆ ಕ್ಯಾಲಿಫೋರ್ನಿಯಾದ ವಾಹನ ಮೆಕ್ಯಾನಿಕ್‌ಗಳಲ್ಲಿ ಕೈಕಾಲು ಜೋಮು ಹಿಡಿಯುವ ನರದ ಕಾಯಿಲೆ ಕಂಡಿತು. ಅವರು ಬಳಸುತ್ತಿದ್ದ ಬ್ರೇಕ್ ಕ್ಲೀನರ್ ಸ್ಪ್ರೇಯಲ್ಲಿದ್ದ ಹೆಕ್ಸೇನ್ ಅದಕ್ಕೆ ಕಾರಣ. ಪಂಚರ್ ಸಲ್ಯೂಷನ್ನಿನಲ್ಲೂ ಬೇಗ ಆರುವ ಇಂಥ ದ್ರಾವಕಗಳೇ ಇರುತ್ತವೆ. ಪಂಚರ್ ಕೆಲಸವನ್ನು ಯಾವಾಗಲೂ ಹೊರಗೆ, ಮರದ ನೆರಳಿನಲ್ಲಿ ಇಟ್ಟುಕೊಳ್ಳಿ.

ಹಾಗಾದರೆ ಏನು ಬಳಸುವುದು? ಮೊದಲು ಒಣ ಬ್ರಷ್ಷು, ಬನಿಯನ್ ವೇಸ್ಟು. ಮಕ್ಕಳ ಸೈಕಲ್ಲಿನ ಕೊಳೆಯಲ್ಲಿ ಹೆಚ್ಚಿನದು ಇಷ್ಟರಲ್ಲೇ ಹೋಗುತ್ತದೆ. ಉಳಿದದ್ದಕ್ಕೆ ಬಿಸಿನೀರು, ಪಾತ್ರೆ ತೊಳೆಯುವ ಸಾಬೂನು. ಆಮೇಲೆ ಚೆನ್ನಾಗಿ ಒರೆಸಿ ಬಿಸಿಲಿಗಿಡಿ, ತೇವ ಉಳಿದರೆ ತುಕ್ಕು. ಚೈನು ಸವೆಯುವುದು ಒಳಗೆ, ಪಿನ್ನಿನ ಸುತ್ತ. ಎಣ್ಣೆ ಬೇಕಾದದ್ದೂ ಅಲ್ಲಿಗೇ. ಹೊರಗೆ ಬಳಿದ ಎಣ್ಣೆ ದೂಳು ಹಿಡಿದು ಉಜ್ಜುಕಾಗದದ ಹಾಗೆ ಚೈನನ್ನು ತಿನ್ನುತ್ತದೆ. ಒಂದೊಂದು ರೋಲರಿಗೆ ಒಂದು ತೊಟ್ಟು ಬಿಟ್ಟು, ಪೆಡಲ್ ತಿರುಗಿಸಿ, ಮಿಕ್ಕದ್ದನ್ನು ಒರೆಸಿ ತೆಗೆಯಿರಿ. ಈ ಒರೆಸುವ ಕೆಲಸವನ್ನು ಕಲಿಸಿದರೆ ಅರ್ಧ ವಿಷ ಶೆಡ್ಡಿಗೆ ಬರುವುದೇ ಇಲ್ಲ.

ಗಿಡಮೂಲದ್ದೆಲ್ಲ ಒಳ್ಳೆಯದು ಎಂದು ಕುರುಡಾಗಿ ನಂಬಬೇಡಿ. ಹರಳೆಣ್ಣೆ ಎತ್ತಿನಗಾಡಿಯ ಕೀಲಿಗೆ ಸರಿ, ಸೈಕಲ್ ಚೈನಿನಲ್ಲಿ ಬರಬರುತ್ತ ಅಂಟಾಗುತ್ತದೆ. ಕೊಬ್ಬರಿ ಎಣ್ಣೆ 24 ಡಿಗ್ರಿ ಸುಮಾರಿಗೇ ಹೆಪ್ಪುಗಟ್ಟುತ್ತದೆ. ಕಿತ್ತಳೆ ಸಿಪ್ಪೆಯ ಕ್ಲೀನರು ಜಿಡ್ಡನ್ನು ಚೆನ್ನಾಗಿ ಬಿಡಿಸುತ್ತದೆ, ಆದರೆ ಗಾಳಿಗೆ ತೆರೆದಿಟ್ಟು ಹಳತಾದರೆ ಚರ್ಮಕ್ಕೆ ಅಲರ್ಜಿ ತರಬಹುದು. ನಮ್ಮ ಅಂಟುವಾಳದ ನೊರೆ ಕೈಗೆ ಹಿತ, ಕೆರೆಯ ಮೀನಿಗೆ ವಿಷ. ನನ್ನನ್ನು ಕೇಳಿದರೆ ಚೆನ್ನಾಗಿ ಶುದ್ಧಿಮಾಡಿದ ಹೊಲಿಗೆ ಯಂತ್ರದ ಎಣ್ಣೆಯೇ ಸಾಕು. ಮಳೆಗೆ ಬೇಗ ತೊಳೆದುಹೋಗುತ್ತದೆ, ಮತ್ತೆ ಹಾಕಿದರಾಯಿತು. ತಾಳ್ಮೆಯಿದ್ದವರು ಚೈನನ್ನು ಪೂರ್ತಿ ಶುಚಿಮಾಡಿ ಕರಗಿಸಿದ ಪ್ಯಾರಾಫಿನ್ ಮೇಣದಲ್ಲಿ ಅದ್ದಬಹುದು. ದೂಳಿನ ರಸ್ತೆಗೆ ಅದು ಬಲು ಒಳ್ಳೆಯದು. ಮೇಣದ ಪಾತ್ರೆಯನ್ನು ಬಿಸಿನೀರಿನೊಳಗಿಟ್ಟೇ ಕರಗಿಸಿ, ನೇರ ಉರಿ ತಾಗಿಸಬೇಡಿ.

ತುಕ್ಕು ಹಿಡಿದ ಹಬ್ಬಿಗೆ ಸೀಮೆಎಣ್ಣೆಯೇ ಬೇಕೆನಿಸಿದರೆ ದೊಡ್ಡವರೊಬ್ಬರು ನೈಟ್ರೈಲ್ ಕೈಗವಸು ಹಾಕಿ, ಹೊರಗೆ ಕೂತು, ಸ್ವಲ್ಪದರಲ್ಲೇ ಮುಗಿಸಲಿ. ತೊಳೆದದ್ದನ್ನು ಮುಚ್ಚಿಟ್ಟರೆ ಮಡ್ಡಿ ತಳಕ್ಕಿಳಿಯುತ್ತದೆ, ಮೇಲಿನ ತಿಳಿಯನ್ನು ಮತ್ತೆ ಬಳಸಬಹುದು. ಆ ಮಡ್ಡಿಯನ್ನು ಮಾತ್ರ ಚರಂಡಿಗೆ ಸುರಿಯಬೇಡಿ. 2016ರ ನಿಯಮದಂತೆ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ, ಅದು ಹೋಗಬೇಕಾದ್ದು ಪರವಾನಗಿ ಇರುವ ಮರುಬಳಕೆದಾರರಿಗೆ. ಚರಂಡಿ ಕೊನೆಗೆ ಸೇರುವುದು ಕೆರೆಯನ್ನೇ. ಬೆಂಗಳೂರಿನ ಬೆಳ್ಳಂದೂರು ಕೆರೆ ನೊರೆ ಉಕ್ಕಿಸಿ, 2018ರ ಜನವರಿಯಲ್ಲಿ ಹೊತ್ತಿ ಉರಿದದ್ದನ್ನು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ.

ಸಂಜೆ ಕೈ ತೊಳೆಯಲು ಪೆಟ್ರೋಲ್ ಬೇಕಾಗಿಲ್ಲ. ಅಡುಗೆ ಎಣ್ಣೆಯ ನಾಲ್ಕು ಹನಿ, ಒಂದು ಚಿಟಿಕೆ ಸಕ್ಕರೆ ಹಾಕಿ ಉಜ್ಜಿ, ಆಮೇಲೆ ಸಾಬೂನು ಹಚ್ಚಿದರೆ ಕಪ್ಪು ಬಿಡುತ್ತದೆ. ನಿಮ್ಮ ಪದ್ಧತಿ ನೋಡಿ ಊರಿನ ಹಳೆಯ ಮೆಕ್ಯಾನಿಕ್ ಯಾರಾದರೂ ನಕ್ಕರೆ ವಾದಕ್ಕಿಳಿಯಬೇಡಿ. ಬದುಕಿಡೀ ಆ ಡಬ್ಬಿಯಲ್ಲಿ ಕೈ ಅದ್ದಿದವರು ಅವರು. ಅವರಿಗೂ ಒಂದು ಜೊತೆ ಕೈಗವಸು ಕೊಟ್ಟು ಬನ್ನಿ.