ಫ್ರೆಟ್ ಇಲ್ಲದ ಬೇಸ್, ಹಿಡಿತಕ್ಕೆ ಸಿಗದ ಶ್ರುತಿ

ಶ್ರುತಿ ತಪ್ಪುತ್ತಿದೆ ಎಂದು ಬ್ಯಾಂಡಿನವರು ಹೇಳಿದ ಮಾತ್ರಕ್ಕೆ ವಾದ್ಯವನ್ನು ಮಾರಬೇಡಿ. ನೀವು ಬರೆದಿರುವುದನ್ನು ನೋಡಿದರೆ ದೋಷ ಕಿವಿಯದ್ದಲ್ಲ, ಬೆರಳಿಡುವ ಜಾಗದ್ದು. ಫ್ರೆಟ್ ಇರುವ ಬೇಸ್‌ನಲ್ಲಿ ಪಟ್ಟಿಯ ಹಿಂದೆ ಒತ್ತಿ ರೂಢಿಯಾಗಿದೆ. ಇಲ್ಲಿ ಬೆರಳತುದಿ ಗೆರೆಯ ಮೇಲೆಯೇ ಕೂರಬೇಕು. ಹಿಂದೆ ಸರಿದರೆ ಸ್ವರ ತಗ್ಗುತ್ತದೆ.

ಐದನೆಯ ತಂತಿ, ಅಂದರೆ ಕೆಳಗಿನ ‘ಬಿ’, ಇನ್ನೂ ಕಷ್ಟದ್ದು. ಅದರ ಕಂಪನ ಸೆಕೆಂಡಿಗೆ ಸುಮಾರು 31. ‘ಇ’ ತಂತಿಯದು 41. ಅಷ್ಟು ಮಂದ್ರದಲ್ಲಿ ತಪ್ಪು ಬೇಗ ಕೇಳಿಸದು. ಅದೇ ಸ್ವರವನ್ನು ಮೊದಲು ಮೇಲಿನ ಸ್ಥಾಯಿಯಲ್ಲಿ ನುಡಿಸಿ, ಕಿವಿಯಲ್ಲಿ ನಿಲ್ಲಿಸಿಕೊಂಡು ಕೆಳಗಿಳಿಯಿರಿ. ಜೊತೆಗೆ ಶ್ರುತಿಪೆಟ್ಟಿಗೆ ಇರಲಿ. ಟ್ಯೂನರಿನ ಮುಳ್ಳು ನೋಡುತ್ತ ಅಭ್ಯಾಸ ಮಾಡುವುದನ್ನು ನಾನು ಒಪ್ಪುವುದಿಲ್ಲ. ಆಗ ಕಲಿಯುವುದು ಕಣ್ಣು ಮಾತ್ರ. ಬೇರೆ ತಂತಿ ಮೀಟುವಾಗ ಬಲಗೈ ಹೆಬ್ಬೆರಳನ್ನು ‘ಬಿ’ ಮೇಲೆ ಊರಿ, ಇಲ್ಲವಾದರೆ ಅದು ತಾನಾಗಿ ಮೊಳಗಿ ಎಲ್ಲವನ್ನೂ ಕಲಸಿಬಿಡುತ್ತದೆ.

ಯಾವ ತಂತಿ ಹಾಕಿಸಲಿ ಎಂದೂ ಕೇಳಿದ್ದೀರಿ. ರೌಂಡ್‌ವೌಂಡ್ ತಂತಿ ಮರವನ್ನು ಸವೆಸುತ್ತದೆ. ಫ್ರೆಟ್ ಇಲ್ಲದ ಬೇಸ್‌ಗೆ ಹೆಸರಾದ ಜಾಕೊ ಪಾಸ್ಟೋರಿಯಸ್ ಅದನ್ನೇ ಬಳಸಿದರು, ನಿಜ. ಆದರೆ ಅವರ ಫಿಂಗರ್‌ಬೋರ್ಡಿಗೆ ಎಪಾಕ್ಸಿ ಲೇಪವಿತ್ತು. ನಿಮ್ಮದು ಬರೀ ರೋಸ್‌ವುಡ್, ಫ್ಲಾಟ್‌ವೌಂಡ್ ಹಾಕಿಸಿ. 1976ರ ಜಾಕೊ ಅವರ ಮೊದಲ ಆಲ್ಬಮ್ ಮತ್ತು 1986ರ ‘ಗ್ರೇಸ್‌ಲ್ಯಾಂಡ್’ ಆಲ್ಬಮ್‌ನಲ್ಲಿ ಬಕಿತಿ ಕುಮಾಲೊ ನುಡಿಸಿದ್ದನ್ನು ಖಂಡಿತ ಕೇಳಿ. ಸ್ವರದಿಂದ ಸ್ವರಕ್ಕೆ ಜಾರುವ ಆ ಮೀಂಡ್ ಎಷ್ಟು ಚೆಂದ!

ಸದ್ಯಕ್ಕೆ ಒಂದೆರಡು ನಿಧಾನಗತಿಯ ಹಾಡುಗಳಿಗಷ್ಟೇ ಈ ಫ್ರೆಟ್ ಇಲ್ಲದ ಬೇಸ್ ತೆಗೆದುಕೊಳ್ಳಿ. ಮಿಕ್ಕವಕ್ಕೆ ಹಳೆಯ ಬೇಸ್ ಇರಲಿ.