ಬಿಸಿಲ ನಾಡಿನ ಹಿತ್ತಲಿಗೆ ನೀರಿಗಿಂತ ಮೊದಲು ನೆರಳು

ಕಲಬುರಗಿ, ರಾಯಚೂರು, ಬಳ್ಳಾರಿ, ವಿಜಯಪುರದ ಕಡೆ ಏಪ್ರಿಲ್ ಬಂತೆಂದರೆ ಹಿತ್ತಲ ಕೆಲಸವೆಂದರೆ ನೀರು ಹಾಕುವುದೊಂದೇ ಎಂಬಂತಾಗುತ್ತದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಮಧ್ಯಾಹ್ನ ಗಿಡ ಜೋತುಬಿದ್ದದ್ದು ಕಂಡರೆ ಜೀವ ತಡೆಯದೆ ಇನ್ನೊಂದು ಕೊಡ. ಇಷ್ಟಾದರೂ ಮೇ ಮುಗಿಯುವಷ್ಟರಲ್ಲಿ ಟೊಮೆಟೊದ ಹೂವೆಲ್ಲ ಉದುರಿ ಗಿಡ ಕಡ್ಡಿಯಾಗಿರುತ್ತದೆ. ‘ಈ ಬಿಸಿಲಿಗೆ ಏನೂ ಬರೋದಿಲ್ಲ’ ಎಂದು ಕೈಚೆಲ್ಲುತ್ತೇವೆ. ತಪ್ಪು ಬಿಸಿಲಿನದು ಸ್ವಲ್ಪ, ಕೆಲಸದ ಕ್ರಮದ್ದು ಬಹಳ. ಬೀಜದಿಂದ ಶುರುಮಾಡಿ, ನೀರಿಗೆ ಬಂದು, ಗಿಡ ಸಾಯತೊಡಗಿದ ಮೇಲೆ ನೆರಳಿನ ಯೋಚನೆ ಮಾಡುತ್ತೇವೆ. ಇದನ್ನು ತಿರುವಿ ಹಾಕಬೇಕು: ಮೊದಲು ನೆರಳು, ಆಮೇಲೆ ನೆಲದ ಹೊದಿಕೆ, ಆಮೇಲೆ ನೀರು, ಕೊನೆಗೆ ಬೀಜ. ಹೂವಿನ ಗಿಡವೂ ಈ ಕ್ರಮದೊಳಗೆ ಬರಬೇಕು. ಅದಕ್ಕೆ ಅಂದದ ಜೊತೆಗೆ ಬೇರೆ ಕೆಲಸಗಳೂ ಇವೆ.

ಮಧ್ಯಾಹ್ನ ಎರಡು ಗಂಟೆಗೆ ಹೀರೆಬಳ್ಳಿಯ ಎಲೆ ಒದ್ದೆ ಬಟ್ಟೆಯಂತೆ ಇಳಿಬಿದ್ದಿರುತ್ತದೆ. ಬುಡದ ಮಣ್ಣನ್ನು ನಾಲ್ಕು ಬೆರಳು ಅಗೆದು ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುವಷ್ಟು ಹಸಿ ಇದೆ. ಅಂದಮೇಲೆ ನೆಲದಲ್ಲಿ ನೀರಿಲ್ಲ ಎಂದಲ್ಲ. ಎಲೆಯಿಂದ ಆವಿಯಾಗುವಷ್ಟು ಬೇಗ ಬೇರು ನೀರು ಎಳೆಯಲಾರದೆ ಹೋಗಿದೆ. ಆಗ ಮತ್ತೆ ನೀರು ಸುರಿದರೆ ಎರೆ ಮಣ್ಣಿನಲ್ಲಿ ಗಾಳಿಯಾಡದೆ ಬೇರು ಉಸಿರುಗಟ್ಟುತ್ತದೆ. ಹೊತ್ತು ಮುಳುಗುವಾಗ ಎಲೆ ತಾನಾಗಿ ಎದ್ದರೆ ನೀರು ಸಾಕಾಗಿದೆ ಎಂದು ತಿಳಿಯಬೇಕು. ಬೆಳಗಿನ ಜಾವಕ್ಕೂ ಬಾಡಿಯೇ ಇದ್ದರೆ ಮಾತ್ರ ನೀರು ಕೊಡಬೇಕು. ಟೊಮೆಟೊದ ಕಥೆ ಇನ್ನೂ ಸ್ಪಷ್ಟ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ 24–25ರ ಕೆಳಗಿಳಿಯದೆ ಹೋದರೆ ಅದರ ಪರಾಗ ಕೆಡುತ್ತದೆ, ಕಾಯಿ ಕಚ್ಚುವುದಿಲ್ಲ. ಈ ಊರುಗಳಲ್ಲಿ ಮೇ ತಿಂಗಳ ಹಗಲು 40 ದಾಟುವುದು ವಾಡಿಕೆ. ಹೊದಿಕೆಯಿಲ್ಲದ ಕಪ್ಪು ನೆಲದ ಮೈ 50 ಡಿಗ್ರಿಗೂ ಮೇಲೆ ಕಾಯುತ್ತದೆ, ಮೇಲುಮೇಲಿನ ಎಳೆ ಬೇರು ಬೇಯುತ್ತದೆ. ಎಷ್ಟು ಕೊಡ ಸುರಿದರೂ ಈ ಕಾವು ಇಳಿಯುವುದಿಲ್ಲ.

ನೆರಳು ಯಾವ ದಿಕ್ಕಿನಿಂದ ಬೇಕು ಎಂಬುದನ್ನು ಸೂರ್ಯನ ದಾರಿ ನೋಡಿ ತೀರ್ಮಾನಿಸಬೇಕು. ಕಲಬುರಗಿಯಲ್ಲಿ ಮೇ ಎರಡನೇ ವಾರದ ಹೊತ್ತಿಗೆ ನಡುಹಗಲ ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಬೀಳುವುದಿಲ್ಲ. ಬಳ್ಳಾರಿಯಲ್ಲಿ ಆ ದಿನ ಮೇ ತಿಂಗಳ ಮೊದಲಿಗೇ ಬರುತ್ತದೆ. ಆದ್ದರಿಂದ ಕಾಂಪೌಂಡ್ ಗೋಡೆಯ ಮಗ್ಗುಲಲ್ಲಿ ನೆಟ್ಟರೆ ತಂಪಿರುತ್ತದೆ ಎಂಬ ಲೆಕ್ಕ ಆ ದಿನಗಳಲ್ಲಿ ಕೈಕೊಡುತ್ತದೆ. ಮೇಲಾಗಿ ಕಾದ ಗೋಡೆ ರಾತ್ರಿಯಿಡೀ ಕಾವು ಬಿಡುತ್ತಿರುತ್ತದೆ. ಹನ್ನೊಂದರಿಂದ ಒಂದರವರೆಗೆ ಮೇಲಿನಿಂದ ನೆರಳು ಬೇಕು, ಅಲ್ಲಿಂದ ಐದರವರೆಗೆ ಪಡುವಣದಿಂದ. ಇಪ್ಪತ್ತಡಿ ಉದ್ದ, ಹದಿನೈದಡಿ ಅಗಲದ ಹಿತ್ತಲು ಎಂದಿಟ್ಟುಕೊಂಡರೆ, ಅದರ ಪಶ್ಚಿಮದ ಅಂಚಿಗೆ ಒಂದೆರಡು ನುಗ್ಗೆ ಅಥವಾ ಚೊಗಚೆ ಗಿಡ, ಅದರ ಮುಂದೆ ಎರಡು ಸಾಲು ಜೋಳ ಇರಬೇಕು. ಮರವನ್ನು ಹಿಂದಿನ ಮಳೆಗಾಲದಲ್ಲೇ ನೆಟ್ಟಿರಬೇಕು, ಜೋಳವನ್ನು ಜನವರಿಯಲ್ಲಿ ಬಿತ್ತಬೇಕು. ಜೋಳದ ಸಾಲು ಬಿಸಿಗಾಳಿಯನ್ನೂ ತಡೆಯುತ್ತದೆ, ಬೆಂಡೆ–ಮೆಣಸಿಗೆ ನಂಜುರೋಗ ಹೊತ್ತು ತರುವ ಬಿಳಿನೊಣದ ದಾರಿಗೂ ಅಡ್ಡಬರುತ್ತದೆ. ನಡುವೆ ಆರಡಿ ಎತ್ತರದ ಕಂಬ ನೆಟ್ಟು ಹಂದರ ಹಾಕಬೇಕು. ಈ ಸೀಮೆಯಲ್ಲಿ ತೊಗರಿ ಕಟ್ಟಿಗೆಗೆ ಬರವಿಲ್ಲ, ಒಂದಿಷ್ಟು ತಂತಿ ಸೇರಿಸಿ ಹೆಣೆದರೆ ಹಂದರಕ್ಕೆ ಅದೇ ಸಾಕು. ಜನವರಿ ಕೊನೆಗೆ ಬಿತ್ತಿದ ಹೀರೆ, ಹಾಗಲ ಅದರ ಮೇಲೆ ಹಬ್ಬಿ ತುಂಬುವವರೆಗೆ ನೆರಳು ಪರದೆ ಕಟ್ಟಬಹುದು. ಅಂಗಡಿಯಲ್ಲಿ ಕೇಳುವಾಗ 35 ಅಥವಾ 50 ಶೇಕಡಾದ್ದನ್ನೇ ಕೇಳಬೇಕು, 75ರದ್ದು ಕಾರು ನಿಲ್ಲಿಸಲು ಸರಿ, ಗಿಡಕ್ಕಲ್ಲ. ಹಳೆಯ ನೂಲಿನ ಸೀರೆಯೂ ಆದೀತು. ಪರದೆ ಎಲೆಗೆ ತಾಗದಷ್ಟು ಎತ್ತರದಲ್ಲಿರಲಿ, ಬದಿಗಳು ಗಾಳಿಗೆ ತೆರೆದಿರಲಿ.

ನೆರಳಾದರೆ ಇಳುವರಿ ಬಿದ್ದುಹೋಗುತ್ತದೆ, ಗಿಡ ಸೊರಗಿ ಉದ್ದ ಹೋಗುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಅದು ದಟ್ಟ ನೆರಳಿನ ಮಾತು. ಟೊಮೆಟೊ, ಬದನೆ, ಮೆಣಸಿನಂಥ ಗಿಡಗಳ ಒಂದೊಂದು ಎಲೆ ಪೂರ್ತಿ ಬಿಸಿಲಿನ ಅರ್ಧದಷ್ಟು ಬೆಳಕಿಗೇ ತನ್ನ ಶಕ್ತಿಯಷ್ಟೂ ಆಹಾರ ತಯಾರಿಸುತ್ತದೆ. ಮಿಕ್ಕ ಬೆಳಕು ಅದಕ್ಕೆ ಬರೀ ಕಾವು. ಬೆಳಿಗ್ಗೆ ಆರರಿಂದ ಹನ್ನೊಂದರವರೆಗಿನ ತೆರೆದ ಬಿಸಿಲು, ಆಮೇಲೆ ಚುಕ್ಕೆಚುಕ್ಕೆ ನೆರಳು ಅವಕ್ಕೆ ಹಿತ. ರಾಜಗಿರಿ, ದಂಟು, ಜೋಳ ಬೇರೆ ಜಾತಿಯವು. ಸುಡುಬಿಸಿಲನ್ನೂ ಬಳಸಿಕೊಳ್ಳಬಲ್ಲ ಅವನ್ನು ನೆರಳಿನಿಂದ ಹೊರಗಿಡಬೇಕು. ಸಾಕ್ಷಿ ಬೇಕೆಂದರೆ ಸವಣೂರಿನ ಕಡೆಯ ಎಲೆಬಳ್ಳಿ ತೋಟವನ್ನು ನೋಡಬಹುದು. ತಂಪು ಬೇಡುವ ವೀಳ್ಯದೆಲೆಯನ್ನು ಬಯಲುಸೀಮೆಯಲ್ಲಿ ತಲೆಮಾರುಗಳಿಂದ ಬೆಳೆದದ್ದು ಚೊಗಚೆ, ನುಗ್ಗೆ, ಹಾಲವಾಣದ ತೆಳು ನೆರಳಿನ ಬಲದಿಂದ. ಮರದ ಬೇರು ಮಡಿಯ ನೀರು ಕದಿಯುತ್ತದೆ ಎಂಬ ಇನ್ನೊಂದು ಅಳುಕಿಗೆ ಉತ್ತರ, ಬೇವು–ಹುಣಸೆಯಂಥ ದೊಡ್ಡ ಮರದ ಬುಡಕ್ಕೆ ಹೋಗದಿರುವುದು; ನುಗ್ಗೆಯನ್ನು ಮಡಿಯಿಂದ ನಾಲ್ಕೈದು ಅಡಿ ದೂರವಿಟ್ಟು ವರ್ಷಕ್ಕೊಮ್ಮೆ ಸವರುವುದು.

ಎರಡನೇ ಕೆಲಸ ನೆಲದ್ದು. ಚಿತ್ರಗಳಲ್ಲಿ ಕಾಣುವ ಎತ್ತರದ ಮಡಿ ಮಳೆ ಹೆಚ್ಚಿರುವ ನಾಡಿನದು. ಅದು ನೀರು ಬಸಿಯಲೆಂದೇ ಮಾಡಿದ್ದು. ನಮ್ಮ ಬೇಸಿಗೆಗೆ ತಗ್ಗು ಮಡಿ ಬೇಕು: ನೆಲಮಟ್ಟದಿಂದ ನಾಲ್ಕೈದು ಇಂಚು ಕೆಳಗೆ, ಸುತ್ತ ಬದು. ಎರೆ ಮಣ್ಣು ಹಸಿಯಾದಾಗ ಉಬ್ಬುತ್ತದೆ, ಒಣಗಿದಾಗ ಕೈ ಹೋಗುವಷ್ಟು ಬಿರಿಯುತ್ತದೆ. ಆ ಬಿರುಕಿನಲ್ಲಿ ಬೇರು ಹರಿಯುತ್ತದೆ, ಆಳದ ತೇವವೂ ಆವಿಯಾಗುತ್ತದೆ. ನಾಲ್ಕು ಬುಟ್ಟಿ ಮರಳು ಸುರಿದರೆ ಇದು ಸರಿಹೋಗುವುದಿಲ್ಲ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಎರಡು–ಮೂರು ಇಂಚು ಬೆರೆಸಿದರೆ ವರ್ಷದಿಂದ ವರ್ಷಕ್ಕೆ ಸರಿಹೋಗುತ್ತದೆ. ಮಸಾರಿ ಮಣ್ಣಿಗೂ ಅದೇ ಮದ್ದು, ಕಾರಣ ಬೇರೆ: ಅಲ್ಲಿ ನೀರು ನಿಲ್ಲುವುದಿಲ್ಲ. ಸಸಿ ಗೇಣುದ್ದ ಆದಮೇಲೆ ಶೇಂಗಾ ಹೊಟ್ಟು, ತೊಗರಿ ಹೊಟ್ಟು, ಜೋಳದ ಕಣಿಕೆಯ ಚೂರು, ಉದುರಿದ ಬೇವಿನೆಲೆ, ಏನು ಸಿಕ್ಕಿದರೂ ಎರಡರಿಂದ ಮೂರು ಇಂಚು ಹೊದಿಸಬೇಕು. ಗೆದ್ದಲು ಬರುತ್ತದೆ ಎನ್ನುತ್ತಾರೆ. ಬರುತ್ತದೆ, ಒಣಗಿ ಬಿದ್ದ ದಪ್ಪ ಹೊದಿಕೆಗೆ ಮತ್ತು ಹಸಿ ಸಗಣಿಗೆ. ಕಾಂಡದ ಸುತ್ತ ಮೂರು ಬೆರಳು ಬಿಟ್ಟು ಹೊದಿಸಿ, ಕೆಳಗೆ ಒಂದಿಷ್ಟು ಬೇವಿನ ಹಿಂಡಿ ಉದುರಿಸಿ, ತೇವ ಉಳಿಸಿಕೊಂಡರೆ ಅದರ ಕಾಟ ತಗ್ಗುತ್ತದೆ. ಹಾವು–ಚೇಳಿನ ಭಯವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಸವನ್ನು ರಾಶಿ ಹಾಕದೆ ತೆಳ್ಳಗೆ ಹರಡುವುದು, ಬಾಗಿಲ ಬಳಿ ಹೊದಿಕೆ ಬೇಡವೆಂದು ಬಿಡುವುದು, ಕೈ ಹಾಕುವ ಮೊದಲು ಕೋಲಿನಿಂದ ಕೆದಕುವುದು, ಇಷ್ಟನ್ನು ಮನೆಮಂದಿಯೆಲ್ಲ ರೂಢಿಸಿಕೊಳ್ಳಬೇಕು.

ಇನ್ನು ನೀರು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ಕಡು ಬೇಸಿಗೆಯಲ್ಲಿ ತುಂಬಿ ಬೆಳೆದ ತರಕಾರಿ ಮಡಿ ದಿನಕ್ಕೆ ಸುಮಾರು ಏಳು ಮಿಲಿಮೀಟರ್ ಬೇಡುತ್ತದೆ ಎಂದು ಹಿಡಿದರೆ, ಮೇಲೆ ಹೇಳಿದ 300 ಚದರ ಅಡಿಯ ಹಿತ್ತಲಿಗೆ ದಿನಕ್ಕೆ ಹೆಚ್ಚುಕಡಿಮೆ 200 ಲೀಟರ್, ಅಂದರೆ ಹದಿಮೂರು ಕೊಡ ಬೇಕು. ವಾರಕ್ಕೊಮ್ಮೆ ನಲ್ಲಿ ಬರುವ ಊರಿನಲ್ಲಿ ಇದು ಆಗದ ಮಾತು, ಆಗಬಾರದ ಮಾತು ಕೂಡ. ಹಾಗಾಗಿ ಏಪ್ರಿಲ್–ಮೇ ತಿಂಗಳಲ್ಲಿ ಹಿತ್ತಲನ್ನು ಕುಗ್ಗಿಸಬೇಕು. ಹಂದರದ ಕೆಳಗಿನ 100 ಚದರ ಅಡಿಯಷ್ಟೇ ಹಸಿರಾಗಿರಲಿ, ಉಳಿದದ್ದು ಹೊದಿಕೆ ಹೊದ್ದು ಮಲಗಿರಲಿ. ಆ ನೂರು ಅಡಿಗೆ ಗಡಿಗೆ ನೀರಾವರಿಯಷ್ಟು ಮಿತವ್ಯಯದ ಉಪಾಯ ಮತ್ತೊಂದಿಲ್ಲ. ಎರಡು ಸಾವಿರ ವರ್ಷ ಹಿಂದಿನ ಚೀನಾದ ಕೃಷಿ ಗ್ರಂಥದಲ್ಲೇ ಕರಬೂಜದ ಬಳ್ಳಿಗೆ ಇದನ್ನು ಹೇಳಿದೆ. ಐದಾರು ಲೀಟರಿನ ಮಣ್ಣಿನ ಗಡಿಗೆಯನ್ನು ತಂದ ದಿನವೇ ಹೂಳಬಾರದು. ನೀರು ತುಂಬಿ ಜಗುಲಿಯ ಮೇಲಿಡಬೇಕು. ಸ್ವಲ್ಪ ಹೊತ್ತಿಗೆ ಹೊರಮೈಯ ಕೆಂಪು ಕಪ್ಪೇರುತ್ತ ಬಂದು, ಹೊಟ್ಟೆಯ ಮೇಲೆ ಸಣ್ಣ ಹನಿಗಳು ಬೆವರಿನಂತೆ ಮೂಡಿದರೆ ಅದು ಕೆಲಸಕ್ಕೆ ಬರುತ್ತದೆ. ಒಣಗಿಯೇ ಉಳಿದರೆ ಅಥವಾ ಬಣ್ಣ ಬಳಿದದ್ದಾದರೆ ಬೇಡ. ಕತ್ತಿನವರೆಗೆ ಹೂತು, ಗೇಣು ದೂರದಲ್ಲಿ ಸುತ್ತ ನಾಲ್ಕು ಬೀಜ ಊರಿ, ಬಾಯಿಗೆ ಮುಚ್ಚಳವಿಡಬೇಕು. ಎರಡು ಮೂರು ದಿನಕ್ಕೊಮ್ಮೆ ತುಂಬಿಸಿದರೆ ಸಾಕು. ಕೊಳವೆಬಾವಿಯ ಸವುಳು ನೀರಾದರೆ ಕತ್ತಿನ ಸುತ್ತ ಬಿಳಿ ಉಪ್ಪು ಕಟ್ಟುತ್ತದೆ, ರಂಧ್ರ ಮುಚ್ಚುತ್ತದೆ. ಬೆಳೆ ಮುಗಿದ ಮೇಲೆ ತೆಗೆದು ತೆಂಗಿನ ನಾರಿನಿಂದ ಉಜ್ಜಿ ತೊಳೆಯಬೇಕು. ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರನ್ನು ಧಾರಾಳವಾಗಿ ಮಡಿಗೆ ಹಾಕಬಹುದು. ಸೋಪಿನ ನೀರು ನುಗ್ಗೆಯ ಬುಡಕ್ಕಿರಲಿ, ಸೊಪ್ಪಿನ ಮಡಿಗೆ ಬೇಡ.

ಬೀಜದ ಸರದಿ ಈಗ. ಬೇಸಿಗೆಗೆ ಬೆಂಡೆ, ಚವಳಿಕಾಯಿ, ಅಲಸಂದೆ, ಬದನೆ, ಹೀರೆ, ಹಾಗಲ, ಪುಂಡಿಪಲ್ಲೆ, ರಾಜಗಿರಿ, ಬಸಳೆ ನಂಬಿಕೆಯವು. ಬೆಂಡೆ ಬೀಜವನ್ನು ರಾತ್ರಿ ನೆನೆಸಿ ಫೆಬ್ರುವರಿಯಲ್ಲಿ ಊರಬೇಕು. ಎಲೆಯ ನರ ಹಳದಿಯಾಗುವ ನಂಜು ತಡೆಯಲೆಂದೇ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಅರ್ಕಾ ಅನಾಮಿಕಾ ತಳಿ ಇದೆ. ಹಂದರದ ಕೆಳಗೆ ಕೊತ್ತಂಬರಿ, ಪಾಲಕ ಸ್ವಲ್ಪ ಸ್ವಲ್ಪ. ಟೊಮೆಟೊ, ಹೂಕೋಸು, ಗಜ್ಜರಿ, ಬಟಾಣಿಯನ್ನು ಮೇ ತಿಂಗಳಲ್ಲಿ ಹಟ ಹಿಡಿದು ಬೆಳೆಸುವುದಕ್ಕೆ ಅರ್ಥವಿಲ್ಲ, ಅವುಗಳ ಕಾಲ ಸೆಪ್ಟೆಂಬರ್ ನಂತರದ್ದು.

ನೀರಿಗೇ ತತ್ವಾರ ಇರುವಾಗ ಹೂವಿನ ಗಿಡ ಯಾಕೆ ಎಂಬ ಪ್ರಶ್ನೆಗೆ ಎಚ್ಚರದಿಂದ ಉತ್ತರಿಸಬೇಕು, ಏಕೆಂದರೆ ಹೂವಿನ ಬಗ್ಗೆ ಉತ್ಪ್ರೇಕ್ಷೆಯೂ ಬಹಳ. ಇಂಗ್ಲೆಂಡಿನ ಕಾಟೇಜ್ ಗಾರ್ಡನ್‌ನಲ್ಲಿ ಹೂವು–ತರಕಾರಿ ಒತ್ತಾಗಿ ಬೆರೆತು ಬೆಳೆಯುತ್ತವೆ. ಬೆರಕೆಯ ಆ ಬುದ್ಧಿ ನಮ್ಮ ಹಿತ್ತಲಿಗೂ ಹೊಸದಲ್ಲ, ಆದರೆ ಅವರ ಪೆಟೂನಿಯಾ, ಪ್ಯಾನ್ಸಿಗಳು ಇಲ್ಲಿನ ಚಳಿಗಾಲಕ್ಕೆ ಮಾತ್ರ ಸರಿ. ಇಲ್ಲಿ ಕೆಲಸದ ಹೂವೆಂದರೆ ಚೆಂಡುಹೂ. ಹೆಸರಘಟ್ಟದ ಸಂಸ್ಥೆಯೇ ಟೊಮೆಟೊದ ಕಾಯಿಕೊರಕಕ್ಕೆ ಚೆಂಡುಹೂವನ್ನು ಸೆಳೆಬೆಳೆಯಾಗಿ ಸೂಚಿಸಿದೆ: 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂ, ಟೊಮೆಟೊ ಸಸಿ 25 ದಿನದ್ದಾದರೆ ಚೆಂಡುಹೂ ಸಸಿ 45 ದಿನದ್ದು, ಎರಡನ್ನೂ ಒಂದೇ ದಿನ ನೆಡುವುದು. ಆಗ ಎರಡೂ ಒಟ್ಟಿಗೆ ಹೂಬಿಡುತ್ತವೆ, ಪತಂಗ ಹೆಚ್ಚಾಗಿ ಚೆಂಡುಹೂವಿನ ಮೊಗ್ಗಿಗೇ ಮೊಟ್ಟೆಯಿಡುತ್ತದೆ. ಹಾಗೆಂದು ನೆಟ್ಟು ಮರೆತರೆ ಹುಳುವನ್ನು ನಾವೇ ಸಾಕಿದಂತೆ. ದಿನ ಬಿಟ್ಟು ದಿನ ಮೊಗ್ಗು ಬಿಡಿಸಿ ನೋಡಿ ಹುಳು ಆರಿಸಲೇಬೇಕು. ಬೇರುಗಂಟಿನ ಜಂತುಹುಳುವನ್ನು ಚೆಂಡುಹೂವಿನ ಬೇರು ತಡೆಯುವುದೂ ನಿಜ, ಆದರೆ ಬದನೆಯ ಪಕ್ಕ ಒಂದು ಗಿಡ ನಿಂತರೆ ಅಲ್ಲ. ಇಡೀ ಮಡಿಯಲ್ಲಿ ಎರಡು ಮೂರು ತಿಂಗಳು ಒತ್ತಾಗಿ ಬೆಳೆದಾಗ. ಆ ಜಂತಿಗೆ ಬೇಗ ತುತ್ತಾಗುವ ಅಬ್ಬಲಿಗೆಯನ್ನು, ಅದೇ ನಮ್ಮ ಕನಕಾಂಬರ, ಚೆಂಡುಹೂ ಕಿತ್ತ ಮಡಿಗೆ ನೆಡುವುದು ಜಾಣತನ. ಅಬ್ಬಲಿಗೆ ಹಂದರದ ಅರೆನೆರಳಿನಲ್ಲೂ ಹೂ ಕೊಡುತ್ತದೆ. ಮಲ್ಲಿಗೆಗೆ ಬಿಸಿಲು ಬೇಕು, ಮೂಡಣ ಅಂಚಿನಲ್ಲಿಟ್ಟು ಡಿಸೆಂಬರಿಗೆ ಮುನ್ನ ಸವರಿದರೆ ಬೇಸಿಗೆಗೆ ಮೊಗ್ಗು ತುಂಬುತ್ತದೆ. ಕಣಗಿಲೆ ಎಂಥ ಬಿಸಿಲಿಗೂ ಜಗ್ಗದು, ಆದರೆ ಅದರ ಎಲೆ–ಹೂ ಎಲ್ಲವೂ ವಿಷ. ಆಡು, ಮಕ್ಕಳು ಓಡಾಡುವ ಹಿತ್ತಲಿಗೆ ಬೇಡ.

ಹೂವಿನ ಇನ್ನೊಂದು ಕೆಲಸ ಜೇನು ಕರೆಯುವುದು. ಬಳ್ಳಿ ತುಂಬ ಹೂ, ಕಾಯಿ ಮಾತ್ರ ಇಲ್ಲ ಎಂಬ ದೂರು ಬೇಸಿಗೆಯಲ್ಲಿ ಸಾಮಾನ್ಯ. ಕುಂಬಳ ಜಾತಿಯಲ್ಲಿ ಗಂಡು ಹೂ ಮೊದಲು ಬರುತ್ತದೆ, ಸೆಕೆ ಹೆಚ್ಚಿದಷ್ಟೂ ಗಂಡು ಹೂವೇ ಹೆಚ್ಚು. ಹೆಣ್ಣು ಹೂವಿನ ಹಿಂದೆ ಎಳೆಕಾಯಿಯಂಥ ಗಂಟು ಇರುತ್ತದೆ, ಗುರುತು ಸುಲಭ. ಗುರೆಳ್ಳು, ಸೂರ್ಯಕಾಂತಿ ನಾಲ್ಕು ಗಿಡ ಇದ್ದರೆ ಜೇನು ಬರುತ್ತದೆ. ಸಬ್ಬಸಿಗೆ, ಕೊತ್ತಂಬರಿ ಒಂದೆರಡನ್ನು ಕೀಳದೆ ಹೂವಿಗೆ ಬಿಟ್ಟರೆ ಹೇನು ತಿನ್ನುವ ಹುಳುಗಳ ತಾಯಿನೊಣವೂ ಬರುತ್ತದೆ. ಜೇನು ಬಾರದಿದ್ದರೆ ಕೈಯಿಂದಲೇ ಪರಾಗ ಮುಟ್ಟಿಸಬೇಕು, ಹೊತ್ತು ತಿಳಿದು. ಹಾಗಲ, ಕುಂಬಳ ಬೆಳಗಿನ ಜಾವ ಅರಳುತ್ತವೆ. ಹೀರೆ, ಸೋರೆ ಅರಳುವುದು ಸಂಜೆ. ಹೀರೆಗೆ ಬೆಳಿಗ್ಗೆ ಹೋಗಿ ಪ್ರಯೋಜನವಿಲ್ಲ. ಸಂಜೆ ಆರರ ಹೊತ್ತಿಗೆ ಹೊಸದಾಗಿ ಬಿಚ್ಚಿದ ಗಂಡು ಹೂ ಕಿತ್ತು, ದಳ ಹಿಂದಕ್ಕೆ ಮಡಚಿ, ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಒತ್ತಿ ತಿರುವಬೇಕು. ಎರಡು ದಿನದಲ್ಲಿ ಗಂಟು ಹಸಿರಾಗಿ ಕೆಳಗೆ ಬಾಗಿದರೆ ಕಾಯಿ ನಿಂತಿತು, ಹಳದಿಯಾದರೆ ಉದುರುತ್ತದೆ.

ರೋಹಿಣಿ ಹನಿದು, ಜೂನ್ ಎರಡನೇ ವಾರಕ್ಕೆ ಮೃಗಶಿರ ಹಿಡಿದ ಮೇಲೆ ಲೆಕ್ಕ ತಿರುಗುತ್ತದೆ. ಮೋಡ ಕವಿದ ದಿನ ನೋಡಿ ಪರದೆ ಬಿಚ್ಚಬೇಕು, ಸುಡುಬಿಸಿಲಿನಲ್ಲಿ ಬಿಚ್ಚಿದರೆ ನೆರಳಿಗೆ ಒಗ್ಗಿದ ಎಲೆ ಸುಡುತ್ತದೆ. ತಗ್ಗು ಮಡಿಯಲ್ಲಿ ಮಳೆನೀರು ನಿಲ್ಲದಂತೆ ಬದು ಒಡೆದು ಕಾಲುವೆ ಬಿಡಿಸಬೇಕು, ಎರೆ ನೆಲವಾದರೆ ಮಡಿಯನ್ನೇ ಎತ್ತರಿಸಬೇಕು. ಕೊಳೆತ ಹೊದಿಕೆಯನ್ನು ಮಣ್ಣಿಗೆ ತಿರುವಿ ಹಾಕಿ, ಮಲಗಿಸಿದ್ದ ಜಾಗದಲ್ಲಿ ಚೆಂಡುಹೂ ಒತ್ತಾಗಿ ಬಿತ್ತಬೇಕು. ಸೆಪ್ಟೆಂಬರಿಗೆ ಟೊಮೆಟೊ ಹೋಗುವುದು ಅಲ್ಲಿಗೇ. ಉಪ್ಪು ಕಟ್ಟದ ಗಡಿಗೆಗಳನ್ನು ನೆಲದಲ್ಲೇ ಬಿಡಬಹುದು, ಮುಚ್ಚಳ ಮಾತ್ರ ಭದ್ರವಾಗಿರಲಿ. ಬಾಯಿ ತೆರೆದಿದ್ದರೆ ಮಳೆನೀರು ನಿಂತು ಒಂದೇ ವಾರದಲ್ಲಿ ಸೊಳ್ಳೆ ಮರಿಮಾಡುತ್ತವೆ.