ತೇಲುತ್ತ ನೋಡುವ ಕಡಲು

ಮುಂಬಯಿಯಲ್ಲಿ ಬೆಳೆಯುವ ಕನ್ನಡ ಮಕ್ಕಳಿಗೆ ಸಮುದ್ರವು ಅಪರಿಚಿತವಲ್ಲ. ಚೌಪಾಟಿಯಲ್ಲಿಯೂ ಜುಹುವಿನಲ್ಲಿಯೂ ನಾವೆಲ್ಲರೂ ಅದನ್ನು ಕಂಡವರೇ. ಆದರೆ ನಾವು ಕಂಡದ್ದು ಅದರ ಮೇಲ್ಮೈಯನ್ನು ಮಾತ್ರ. ಮನೆಯ ಮಾಡನ್ನು ನೋಡಿ ಒಳಗಿನ ಸಂಸಾರವನ್ನು ಬಲ್ಲೆವೆನ್ನುವುದು ಹೇಗೆ ಸಲ್ಲದೋ, ಅಲೆಯನ್ನು ನೋಡಿ ಕಡಲನ್ನು ಬಲ್ಲೆವೆನ್ನುವುದೂ ಹಾಗೆಯೇ ಸಲ್ಲದು. ಆಳಕ್ಕೆ ಮುಳುಗದೆಯೇ ಆ ಒಳಮನೆಯನ್ನು ನೋಡುವ ಉಪಾಯವೊಂದುಂಟು. ಅದಕ್ಕೆ ಸ್ನಾರ್ಕೆಲಿಂಗ್ ಎಂದು ಹೆಸರು. ಮುಖವನ್ನು ನೀರಿನಲ್ಲಿಟ್ಟು, ಬಾಯಲ್ಲಿ ಕಚ್ಚಿದ ಕೊಳವೆಯಿಂದ ಉಸಿರಾಡುತ್ತ, ತೇಲಿಕೊಂಡು ಕೆಳಗೆ ನೋಡುವುದೇ ಅದರ ಸಾರ.

ಇದನ್ನು ನಮ್ಮ ಚೌಪಾಟಿಯಲ್ಲಿಯೇ ಮಾಡಬಾರದೇಕೆ? ಠಾಣೆ ಮೊದಲಾದ ಖಾಡಿಗಳು ಇಲ್ಲಿಯ ಕಡಲಿಗೆ ಕೆಸರನ್ನು ತಂದು ಸೇರಿಸುತ್ತವೆ. ದೊಡ್ಡ ಉಬ್ಬರದ ದಿನಗಳಲ್ಲಿ ಏರಿಳಿತದ ಅಂತರವು ನಾಲ್ಕು ಮೀಟರುಗಳನ್ನು ಮೀರುವುದರಿಂದ ಆ ಕೆಸರು ತಳಕ್ಕಿಳಿಯಲು ಅವಕಾಶವೇ ಇರುವುದಿಲ್ಲ. ತಿಳಿನೀರು ಬೇಕೆಂದರೆ ದಕ್ಷಿಣಕ್ಕೆ ಹೋಗಬೇಕು. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲುಮಾರ್ಗದಲ್ಲಿ ಕುಡಾಳದಲ್ಲಿಳಿದರೆ ಮಾಲವಣವು ಸಮೀಪ. ಅಲ್ಲಿ ಶಿವಾಜಿ ಮಹಾರಾಜರು 1664ರಲ್ಲಿ ಕಟ್ಟಿಸಲಾರಂಭಿಸಿದ ಸಿಂಧುದುರ್ಗವಿದೆ. ಅದರ ಸುತ್ತಣ ಕಡಲು 1987ರಿಂದ ಅಭಯಾರಣ್ಯವಾಗಿದೆ. ಅದೇ ಮಾರ್ಗದಲ್ಲಿ ಮುಂದುವರಿದರೆ ನಮ್ಮ ಉತ್ತರ ಕನ್ನಡದ ಮುರುಡೇಶ್ವರ. ಅಲ್ಲಿಂದ ಸುಮಾರು 19 ಕಿಲೋಮೀಟರು ದೂರದ ಕಡಲಲ್ಲಿ ನೇತ್ರಾಣಿ ದ್ವೀಪ. ನೇತ್ರಾಣಿಯ ದೋಣಿಪ್ರಯಾಣವು ದೀರ್ಘವಾದುದು, ನೀರೂ ಆಳವಾದುದು. ಆದಕಾರಣ ಹೊಸಬರಿಗೆ ದಡದ ಸಮೀಪವಿರುವ ಮಾಲವಣವೇ ಮೊದಲ ಪಾಠವಾಗಲೆಂದು ನಮ್ಮ ಅಭಿಪ್ರಾಯ. ಮಳೆಗಾಲದಲ್ಲಿ ಎರಡೂ ಕಡೆ ದೋಣಿಗಳು ನಿಲ್ಲುತ್ತವೆ.

ಇನ್ನು ಉಪಕರಣಗಳ ವಿಚಾರ. ಬರಿಗಣ್ಣಿಗೆ ನೀರೊಳಗಿನ ವಸ್ತು ಮಸುಕಾಗಿ ಕಾಣುವುದೇಕೆ? ಬೆಳಕು ಗಾಳಿಯಿಂದ ಕಣ್ಣನ್ನು ಹೊಗುವಾಗ ಚೆನ್ನಾಗಿ ಬಾಗುತ್ತದೆ. ನೀರಿನಿಂದ ಹೊಗುವಾಗ ಅಷ್ಟು ಬಾಗುವುದಿಲ್ಲ. ಗಾಜಿನ ಮುಖಗವಸು ಕಣ್ಣಿನ ಮುಂದೆ ಗಾಳಿಯನ್ನು ಹಿಡಿದಿಟ್ಟು ಈ ಕೊರತೆಯನ್ನು ನೀಗುತ್ತದೆ. ಆದರೂ ಎರಡು ಮೀಟರು ದೂರದ ಮೀನು ಒಂದೂವರೆ ಮೀಟರಿನಲ್ಲಿರುವಂತೆಯೂ, ಇದ್ದುದಕ್ಕಿಂತ ದೊಡ್ಡದಾಗಿಯೂ ತೋರುವುದು. ಊರಿಗೆ ಹಿಂದಿರುಗಿ ಮೀನಿನ ಗಾತ್ರವನ್ನು ವರ್ಣಿಸುವವರು ಇದನ್ನು ನೆನಪಿಡಬೇಕು!

ಕೊಳವೆಯನ್ನು ಇನ್ನಷ್ಟು ಉದ್ದ ಮಾಡಿ ಆಳಕ್ಕೆ ಇಳಿಯಬಹುದಲ್ಲವೇ ಎಂದು ಚುರುಕಾದ ವಿದ್ಯಾರ್ಥಿಗಳು ಕೇಳುವರು. ಹಾಗೆ ಮಾಡುವುದು ಪ್ರಾಣಾಪಾಯಕರ. ಒಂದು ಮೀಟರು ಆಳದಲ್ಲಿಯೇ ನೀರಿನ ಒತ್ತಡವು ಎದೆಯನ್ನು ಅದುಮುವುದರಿಂದ ಮೇಲಿನ ಗಾಳಿಯನ್ನು ಎಳೆದುಕೊಳ್ಳುವುದು ಬಹು ಕಷ್ಟ. ಮೇಲಾಗಿ, ಉದ್ದನೆಯ ಕೊಳವೆಯಲ್ಲಿ ಬಿಟ್ಟ ಉಸಿರೇ ಉಳಿದು ಮತ್ತೆ ಒಳಸೇರುವುದು. ಕೊಳವೆಯು ಗಿಡ್ಡವಾಗಿರುವುದು ಈ ಕಾರಣದಿಂದಲೇ. ಅದರೊಳಗೆ ನೀರು ಬಂದರೆ ಗಾಬರಿಯಾಗದೆ ಬಾಯಿಂದ ಬಲವಾಗಿ ಊದಬೇಕು. ಇಲ್ಲವೇ ತಲೆಯೆತ್ತಿ ಕೊಳವೆಯನ್ನು ತೆಗೆದುಬಿಡಬೇಕು.

ಉಪ್ಪುನೀರು ಸಿಹಿನೀರಿಗಿಂತ ಭಾರವಾದುದರಿಂದ ದೇಹವನ್ನು ತುಸು ಹೆಚ್ಚಾಗಿ ಎತ್ತಿಹಿಡಿಯುವುದು. ಉಳಿದ ಭಾರವನ್ನು ಲೈಫ್ ಜಾಕೆಟು ಹೊರುವುದು. ಈಜು ಬಲ್ಲೆನೆಂಬ ಹೆಮ್ಮೆಯಿಂದ ಅದನ್ನು ಕಳಚುವವನು ತನ್ನನ್ನು ಮಾತ್ರವಲ್ಲ, ತನ್ನನ್ನು ಉಳಿಸಲು ಧುಮುಕುವ ಮಾರ್ಗದರ್ಶಕನನ್ನೂ ಅಪಾಯಕ್ಕೆ ಒಡ್ಡುತ್ತಾನೆ. ನೀರಿನಲ್ಲಿ ಮಾತು ಸಾಗದು, ಸಂಜ್ಞೆಯೇ ಭಾಷೆ. ಹೆಬ್ಬೆರಳು ತೋರುಬೆರಳುಗಳನ್ನು ಉಂಗುರದಂತೆ ಕೂಡಿಸಿದರೆ ‘ಎಲ್ಲವೂ ಕ್ಷೇಮ’. ಅಂಗೈಯನ್ನು ಅತ್ತಿತ್ತ ಹೊರಳಿಸಿದರೆ ‘ಏನೋ ಸರಿಯಿಲ್ಲ’. ಅಂಜಿಕೆಯಾದವನು ಮುಚ್ಚಿಡದೆ ಎರಡನೆಯ ಸಂಜ್ಞೆಯನ್ನು ಮಾಡಲಿ. ಅದರಲ್ಲಿ ನಾಚಿಕೆಯೇನೂ ಇಲ್ಲ; ಭಯವನ್ನು ಬಚ್ಚಿಟ್ಟವನೇ ಬೇಗನೆ ದಣಿಯುವನು. ಉಬ್ಬಸ ಅಥವಾ ಹೃದಯದ ತೊಂದರೆಯಿದ್ದವರು ವೈದ್ಯರನ್ನು ಕೇಳದೆ ನೀರಿಗಿಳಿಯತಕ್ಕದ್ದಲ್ಲ.

ಕೆಳಗೆ ಕಾಣುವ ಹವಳವನ್ನು ಕಲ್ಲೆಂದು ಭಾವಿಸಬೇಡಿರಿ. ಅದು ಅಸಂಖ್ಯಾತ ಪುಟ್ಟ ಪ್ರಾಣಿಗಳು ಸುಣ್ಣದಿಂದ ಕಟ್ಟಿಕೊಂಡ ಊರು. ಗುಂಡು ಬಂಡೆಯಂತಹ ಹವಳಗಳು ವರ್ಷಕ್ಕೆ ಕೆಲವೇ ಮಿಲಿಮೀಟರು ಬೆಳೆಯುತ್ತವೆ. ದಣಿವಾಯಿತೆಂದು ಅದರ ಮೇಲೆ ಒಂದು ಕ್ಷಣ ನಿಂತ ಕಾಲು ಹತ್ತಾರು ವರ್ಷಗಳ ದುಡಿಮೆಯನ್ನು ಮುರಿದೀತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹುಲಿಗೆ ಕೊಟ್ಟ ರಕ್ಷಣೆಯನ್ನೇ ಹವಳಕ್ಕೂ ಕೊಟ್ಟಿದೆ. ಮೀನುಗಳಿಗೆ ಬ್ರೆಡ್ಡು ಎಸೆಯುವುದೂ ಉಪಕಾರವಲ್ಲ; ಅದು ಅವುಗಳ ಆಹಾರವಲ್ಲ. ಪ್ರತಿದಿನವೂ ದೋಣಿ ತುಂಬ ಹೊಸಬರು ಬರುವ ತಾಣದಲ್ಲಿ ಒಬ್ಬೊಬ್ಬರ ಸಂಯಮವೂ ಲೆಕ್ಕಕ್ಕೆ ಬರುತ್ತದೆ.

ಮಾಲವಣಕ್ಕೆ ಹೋಗುವ ಅನುಕೂಲ ಎಲ್ಲರಿಗೂ ಇರದು. ಅವರು ಬಕೆಟ್ಟಿನ ನೀರಿನಲ್ಲಿ ನಾಣ್ಯವೊಂದನ್ನಿಟ್ಟು, ಅದು ಎಷ್ಟು ಮೇಲೆದ್ದಂತೆ ತೋರುವುದೆಂದು ಬೆರಳಿನಿಂದ ಅಳೆದು ನೋಡಲಿ. ಮುಖಗವಸಿನ ಅರ್ಧಪಾಠ ಅಲ್ಲಿಯೇ ಮುಗಿಯುತ್ತದೆ. ಮುಂಬಯಿಯ ಬಂಡೆತೀರಗಳಲ್ಲಿಯೂ ಹವಳವುಂಟು. ಕರಾವಳಿ ರಸ್ತೆಗಾಗಿ ಹಾಜಿ ಅಲಿ, ವರ್ಲಿಗಳ ಹವಳಗಳನ್ನು 2020ರಲ್ಲಿ ಬೇರೆಡೆಗೆ ಸಾಗಿಸಿ ನೆಡಬೇಕಾಯಿತೆಂಬುದೇ ಇದಕ್ಕೆ ಸಾಕ್ಷಿ. ಇಳಿತದ ವೇಳೆಯನ್ನು ಪಂಚಾಂಗದಲ್ಲಿ ನೋಡಿಕೊಂಡು, ತೀರವನ್ನು ಬಲ್ಲ ಹಿರಿಯರೊಡನೆ ಹೋಗಿ, ಬಂಡೆಯ ಕುಳಿಗಳಲ್ಲಿ ಇಣುಕಿರಿ. ಕೈಗಳು ಮಾತ್ರ ಬೆನ್ನ ಹಿಂದಿರಲಿ.